ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹಂದಿ: ಒಂದು ರಾಕ್ ರೇಡಿಯೊ ಮತ್ತು ‘ಕ್ಲಾಸಿಕ್’ ಎಂಬ ಮಾತು

ಅಮೆರಿಕದ ರೇಡಿಯೊ ಕೇಂದ್ರಗಳ ಹೆಸರುಗಳನ್ನು ಒಂದು ನದಿ ಎರಡು ಪಾಲು ಮಾಡಿದೆ. ಮಿಸ್ಸಿಸಿಪ್ಪಿಯ ಪೂರ್ವಕ್ಕಿರುವ ಕೇಂದ್ರಗಳ ಹೆಸರು ಸಾಮಾನ್ಯವಾಗಿ ‘ಡಬ್ಲ್ಯು’ ಅಕ್ಷರದಿಂದ ಶುರುವಾಗುತ್ತದೆ, ಪಶ್ಚಿಮಕ್ಕಿರುವವುಗಳದ್ದು ‘ಕೆ’ ಅಕ್ಷರದಿಂದ. ಸೇಂಟ್ ಲೂಯಿ ನಗರ ಇರುವುದು ನದಿಯ ಪಶ್ಚಿಮ ದಡದಲ್ಲಿ, ಮಿಸೌರಿ ರಾಜ್ಯದಲ್ಲಿ. 1961ರಲ್ಲಿ ಆ ನಗರಕ್ಕೆ ಅಂಟಿಕೊಂಡ ಕ್ರೆಸ್ಟ್‌ವುಡ್ ಎಂಬ ಉಪನಗರದಲ್ಲಿ ಒಬ್ಬ ಗೃಹಸ್ಥ ತನ್ನ ಮನೆಯ ನೆಲಮಾಳಿಗೆಯಲ್ಲಿ ಎಫ್‌ಎಂ ಕೇಂದ್ರವೊಂದನ್ನು ತೆರೆದಾಗ ಅದಕ್ಕೂ ‘ಕೆ’ಯೇ ಬಂತು. ಉಳಿದ ಮೂರು ಅಕ್ಷರ ಸೇರಿದರೆ ‘ಶೀ’, ಅಂದರೆ ‘ಅವಳು’. ಮನೆಯಲ್ಲಿರುವ ಹೆಂಗಸರು ಕೇಳಲಿ ಎಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕುವ, ತನ್ನನ್ನು ‘ಎಫ್‌ಎಂನ ಮಹಿಳೆ’ ಎಂದು ಕರೆದುಕೊಳ್ಳುವ ಸಂಭಾವಿತ ಕೇಂದ್ರ ಅದು.

ಏಳು ವರ್ಷ ತುಂಬುವ ಮೊದಲೇ ಈ ಸಂಭಾವಿತೆ ರಾಕ್ ಸಂಗೀತಕ್ಕೆ ತಿರುಗಿದಳು. ಅದೇ ಹೆಸರು, ಅದೇ 94.7ರ ತರಂಗ, ಇವತ್ತಿಗೂ ರಾಕ್. ಅಮೆರಿಕದಲ್ಲಿ ಇಷ್ಟು ದೀರ್ಘಕಾಲ ಬಿಡದೆ ರಾಕ್ ಹಾಕಿಕೊಂಡು ಬಂದ ಕೇಂದ್ರಗಳನ್ನು ಬೆರಳೆಣಿಸಬಹುದು. ಆದರೆ ದಾಖಲೆಯ ದೀರ್ಘಾಯುಷ್ಯ ನನಗೆ ಮುಖ್ಯವಲ್ಲ. ನನ್ನ ಕುತೂಹಲ ವಿಮರ್ಶೆಯ ಕಸುಬಿಗೆ ಸಂಬಂಧಿಸಿದ್ದು. ಹಾಡು ಹಾಕುವ ರೇಡಿಯೊ ಕೇಂದ್ರ ಒಂದು ಸಂಕಲನದ ಸಂಪಾದಕನಿದ್ದಂತೆ. ಯಾವುದು ಒಳಗೆ, ಯಾವುದು ಹೊರಗೆ, ಯಾವುದರ ಪಕ್ಕ ಯಾವುದು ಎಂದು ಅದು ದಿನವೂ ತೀರ್ಮಾನಿಸುತ್ತದೆ. ಹಾಗೆ ನೋಡಿದರೆ ‘ಕೆ-ಶೀ’ಯ ಕತೆ ಒಂದು ಪ್ರದೇಶ ತನ್ನದೇ ಕ್ಲಾಸಿಕ್‌ಗಳನ್ನು ಹೇಗೆ ಮಾಡಿಕೊಂಡಿತು ಎಂಬ ಕತೆ. ಮಾಡಿಕೊಂಡ ಮೇಲೆ ಏನಾಯಿತು ಎಂಬುದೂ ಅದರಲ್ಲಿದೆ. ಅದೇ ಹೆಚ್ಚು ಯೋಚಿಸಬೇಕಾದ ಭಾಗ.

ಅರವತ್ತರ ದಶಕದ ಅಮೆರಿಕದಲ್ಲಿ ಎಫ್‌ಎಂ ಎಂದರೆ ಬಡ ನೆಂಟ. ಕೇಳುಗರು, ಜಾಹೀರಾತು, ಜನಪ್ರಿಯ ಹಾಡು ಎಲ್ಲವೂ ಎಎಂ ತರಂಗದಲ್ಲಿ. ಒಬ್ಬನೇ ಮಾಲೀಕನ ಬಳಿ ಎರಡೂ ಇದ್ದರೆ ಎಎಂನಲ್ಲಿ ಹೋಗುತ್ತಿದ್ದುದನ್ನೇ ಎಫ್‌ಎಂಗೂ ಹರಿಯಬಿಡುತ್ತಿದ್ದ. ಸಂಪರ್ಕ ಆಯೋಗ ಇದಕ್ಕೆ ಕಡಿವಾಣ ಹಾಕಿತು: 1 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಎಫ್‌ಎಂನ ಅರ್ಧಕ್ಕಿಂತ ಹೆಚ್ಚು ಹೊತ್ತು ಎಎಂನ ನಕಲಾಗಿರಕೂಡದು. 1967ರ ಆರಂಭದಲ್ಲಿ ನಿಯಮ ಜಾರಿಗೆ ಬಂದಾಗ ದೇಶದ ತುಂಬ ಖಾಲಿ ಗಂಟೆಗಳು ಹುಟ್ಟಿಕೊಂಡವು. ಎಫ್‌ಎಂನಲ್ಲಿ ದುಡ್ಡಿಲ್ಲದ ಕಾರಣ ಅಲ್ಲಿ ಪ್ರಯೋಗ ಮಾಡಿದರೆ ಯಾರೂ ಬೈಯುತ್ತಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಎಂಬ ಕೇಂದ್ರದಲ್ಲಿ ಟಾಮ್ ಡೊನಹ್ಯೂ ತನಗೆ ಬೇಕಾದ ರಾಕ್ ಎಲ್‌ಪಿಗಳನ್ನು ಬೇಕಾದ ಅನುಕ್ರಮದಲ್ಲಿ ಹಾಕತೊಡಗಿದ. ಕೆ-ಶೀಗೆ ಎಎಂನ ಅಣ್ಣನೂ ಇರಲಿಲ್ಲ, ನಿಯಮದ ಒತ್ತಡವೂ ಇರಲಿಲ್ಲ. 1964ರಲ್ಲಿ ಅದನ್ನು ಕೊಂಡಿದ್ದ ಸೆಂಚುರಿ ಬ್ರಾಡ್‌ಕಾಸ್ಟಿಂಗ್ ಕಂಪನಿ ಹೊಸ ಗಾಳಿ ಬೀಸುವುದನ್ನು ನೋಡಿ 1967ರ ನವೆಂಬರ್‌ನಲ್ಲಿ ರಾಕ್‌ಗೆ ಹೊರಳಿತು. ಸ್ಟುಡಿಯೊ ಅಷ್ಟರಲ್ಲಿ ನೆಲಮಾಳಿಗೆಯಿಂದ ವಾಟ್ಸನ್ ರಸ್ತೆಗೆ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಚಿತ್ರಮಂದಿರವೊಂದರ ಪಕ್ಕಕ್ಕೆ ಬಂದಿತ್ತು. ವಾಟ್ಸನ್ ರಸ್ತೆ ಎಂದರೆ ಷಿಕಾಗೊದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದ ಪ್ರಸಿದ್ಧ ‘ರೂಟ್ 66’ ಹೆದ್ದಾರಿ.

ಇಲ್ಲಿ ಆದ ಬದಲಾವಣೆ ಬರೀ ಸಂಗೀತದ್ದಲ್ಲ, ಓದಿನ ಘಟಕದ್ದು ಎನ್ನಬೇಕು. ಎಎಂ ಕೇಂದ್ರಗಳು ಸುಮಾರು ಮೂರು ನಿಮಿಷದ ಬಿಡಿ ಹಾಡುಗಳ ಮೇಲೆ ಬದುಕುತ್ತಿದ್ದವು, ನಲವತ್ತು ಹಾಡುಗಳ ಪಟ್ಟಿ ದಿನವಿಡೀ ತಿರುಗುತ್ತಿತ್ತು. ಎಫ್‌ಎಂನವರು ಎಲ್‌ಪಿಯನ್ನು ಕೈಗೆತ್ತಿಕೊಂಡರು. ಹತ್ತು ನಿಮಿಷದ ಹಾಡೂ ಬಂತು, ಒಂದು ಮಗ್ಗುಲು ಪೂರ್ತಿಯಾಗಿಯೂ ಬಂತು. ಪತ್ರಿಕೆಯ ಮೂಲೆಯಲ್ಲಿ ಬಿಡಿ ಕವಿತೆ ಓದುತ್ತಿದ್ದವನ ಕೈಗೆ ಸಂಕಲನವನ್ನೇ ಇಟ್ಟಂತೆ. ಸಂಕಲನ ಕೈಗೆ ಬಂದಾಗ ಪ್ರಸಿದ್ಧ ಕವಿತೆಯ ಆಚೀಚೆ ಇರುವ, ಯಾರೂ ಮಾತಾಡದ ಕವಿತೆಗಳೂ ಕಣ್ಣಿಗೆ ಬೀಳುತ್ತವೆ. ರೇಡಿಯೊದಲ್ಲಿ ಅವುಗಳನ್ನು ಎತ್ತಿ ತೋರಿಸುತ್ತಿದ್ದವನು ಡಿಜೆ. ಅವನು ಹೆಚ್ಚು ಮಾತಾಡದೆಯೂ ವಿಮರ್ಶಕನಾಗಿದ್ದ. ಆಯ್ಕೆಯೇ ಅವನ ಬರಹ.

ಎಫ್‌ಎಂಗೆ ಇನ್ನೊಂದು ಗುಣವಿದೆ, ಅದು ಭೌತಶಾಸ್ತ್ರ ಕೊಟ್ಟದ್ದು. ಈ ಅಲೆಗಳು ಹೆಚ್ಚುಕಡಿಮೆ ನೇರ ಹೋಗುತ್ತವೆ, ಭೂಮಿಯ ಬಾಗು ಬಂದಲ್ಲಿ ಸೋಲುತ್ತವೆ. ಎತ್ತರದ ಗೋಪುರ, ಒಳ್ಳೆಯ ಶಕ್ತಿ ಇದ್ದರೂ ಅದರ ಕೈ ಚಾಚುವುದು ನಗರದ ಸುತ್ತ ನೂರು ಕಿಲೋಮೀಟರಿನ ಆಸುಪಾಸು. ಹೀಗೆ ಪ್ರತಿ ಕೇಂದ್ರವೂ ತನ್ನ ಸುತ್ತ ಒಂದು ವೃತ್ತ ಎಳೆದುಕೊಳ್ಳುತ್ತದೆ. ಕೆ-ಶೀಯ ವೃತ್ತ ಮಿಸ್ಸಿಸಿಪ್ಪಿಯನ್ನು ದಾಟಿ ಇಲಿನಾಯ್ ರಾಜ್ಯದ ಒಳಕ್ಕೆ ಹೋಗುತ್ತದೆ. ಎರಡು ರಾಜ್ಯಗಳ ಸರ್ಕಾರ ಬೇರೆ, ತೆರಿಗೆ ಬೇರೆ, ಆದರೆ ಸಂಜೆ ಕಾರಿನಲ್ಲಿ ಕೇಳಿಸುವ ಹಾಡು ಒಂದೇ.

ಈ ಮಾತನ್ನು ಪುಣೆಯಲ್ಲಿ ಕೂತು ಬರೆಯುತ್ತಿರುವ ನನ್ನಂಥವನಿಗೆ ಬಿಡಿಸಿ ಹೇಳಬೇಕಿಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗ ಧಾರವಾಡ ಇದ್ದದ್ದು ಮುಂಬಯಿ ರಾಜ್ಯದಲ್ಲಿ. 1956ರಲ್ಲಿ ಗಡಿ ಸರಿಯಿತು. ಜತ್ತ, ಅಕ್ಕಲಕೋಟೆಗಳು ಆಚೆ ಉಳಿದವು, ಧಾರವಾಡ ಈಚೆ ಬಂತು. ಆ ಕಡೆಯ ಕನ್ನಡದ ಮನೆಗಳಲ್ಲಿ ಮಾತ್ರ ಧಾರವಾಡವೇ ಕೇಳಿಸುತ್ತಿತ್ತು. ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷ ಕನ್ನಡ ಕಲಿಸಿದ ಬೇಂದ್ರೆಯವರು ಅದೇ 1956ರಲ್ಲಿ ಧಾರವಾಡಕ್ಕೆ ಮರಳಿ ಆಕಾಶವಾಣಿಗೆ ಸಾಹಿತ್ಯ ಸಲಹೆಗಾರರಾದರು. ಸರ್ಕಾರಿ ಕೇಂದ್ರಕ್ಕೂ ಸೇಂಟ್ ಲೂಯಿಯ ಖಾಸಗಿ ಕೇಂದ್ರಕ್ಕೂ ಅಜಗಜಾಂತರವಿದೆ, ಒಪ್ಪುತ್ತೇನೆ. ಆದರೂ ಗೋಪುರದ ವೃತ್ತದೊಳಗಿನ ಜನಕ್ಕೆ ಏನು ಕೇಳಿಸಬೇಕು ಎಂದು ನಿರ್ಧರಿಸುವ ಕುರ್ಚಿಯಲ್ಲಿ ಕಿವಿಯುಳ್ಳ ಮನುಷ್ಯನೊಬ್ಬ ಕೂತಿರುವುದು ಎರಡೂ ಕಡೆ ಒಂದೇ ರೀತಿ ಮುಖ್ಯ.

ಕೆ-ಶೀಯ ಆ ಕುರ್ಚಿ ಏನು ಮಾಡಿತು ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ ‘ಹೆಡ್ ಈಸ್ಟ್’ ಎಂಬ ತಂಡ. ಇಲಿನಾಯ್ ಕಡೆಯ ಹುಡುಗರು. 1974ರಲ್ಲಿ ಸೌತ್ ಪೀಕಿನ್ ಎಂಬ ಸಣ್ಣ ಊರಿನ ಸ್ಟುಡಿಯೊದಲ್ಲಿ ‘ಫ್ಲ್ಯಾಟ್ ಆ್ಯಸ್ ಎ ಪ್ಯಾನ್‌ಕೇಕ್’ ಎಂಬ ಆಲ್ಬಂ ಮುದ್ರಿಸಿಕೊಂಡರು. ದೊಡ್ಡ ಕಂಪನಿಯ ಬೆಂಬಲವಿಲ್ಲ. ತಮ್ಮದೇ ಹೆಸರುಪಟ್ಟಿ ಅಂಟಿಸಿ 5,000 ಎಲ್‌ಪಿ ಒತ್ತಿಸಿದರು. ನಮ್ಮಲ್ಲಿ ಕವಿಗಳು ಕೈಯಿಂದ ಹಣ ಹಾಕಿ ಮೊದಲ ಸಂಕಲನ ತರುವುದಿಲ್ಲವೇ, ಹಾಗೆ. ಕೆ-ಶೀ ಅದನ್ನು ಹಾಕತೊಡಗಿತು, ಕಾನ್ಸಾಸ್ ಸಿಟಿಯ ಒಂದು ಕೇಂದ್ರವೂ ಕೈಗೂಡಿಸಿತು. ಬೇಡಿಕೆ ಎದ್ದದ್ದನ್ನು ಕಂಡು ಎ ಆ್ಯಂಡ್ ಎಂ ಎಂಬ ದೊಡ್ಡ ಕಂಪನಿ 1975ರಲ್ಲಿ ಅದೇ ಆಲ್ಬಂ ಅನ್ನು ದೇಶಕ್ಕೆಲ್ಲ ಮರುಬಿಡುಗಡೆ ಮಾಡಿತು. ಅದರ ಮೊದಲ ಹಾಡು ‘ನೆವರ್ ಬೀನ್ ಎನಿ ರೀಸನ್’ ರಾಷ್ಟ್ರೀಯ ಪಟ್ಟಿಯಲ್ಲಿ 68ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಸೇಂಟ್ ಲೂಯಿಯಲ್ಲಿ ಮಾತ್ರ ಅದು ಊರಿನ ಹಾಡು. ಇಲಿನಾಯ್‌ನ ಷಾಂಪೇನ್ ಊರಿನ ‘ಸ್ಟಾರ್‌ಕ್ಯಾಸಲ್’, ಸೇಂಟ್ ಲೂಯಿಯದೇ ಆದ ‘ಮಾಮಾಸ್ ಪ್ರೈಡ್’ ತಂಡಗಳದ್ದೂ ಇದೇ ಬಗೆಯ ಕತೆ: ಹೊರಗೆ ಹೆಸರು ಹೇಳಿದರೆ ಹುಬ್ಬೇರಿಸುತ್ತಾರೆ, ಒಳಗೆ ಪ್ರತಿ ಪದವೂ ಬಾಯಿಪಾಠ.

ಕೇಂದ್ರದ ಲಾಂಛನವೂ ಹೀಗೆ ಬಂದದ್ದೇ. ಕಪ್ಪು ಕನ್ನಡಕ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊಗೆ ಬಿಡುವ ಒಂದು ಹಂದಿ. ಹೆಸರು ‘ಸ್ವೀಟ್‌ಮೀಟ್’. ಅದರ ಮೂಲ ‘ಬ್ಲಾಡ್ವಿನ್ ಪಿಗ್’ ಎಂಬ ಇಂಗ್ಲೆಂಡಿನ ತಂಡ 1969ರಲ್ಲಿ ತಂದ ‘ಅಹೆಡ್ ರಿಂಗ್ಸ್ ಔಟ್’ ಆಲ್ಬಂನ ಹೊದಿಕೆ. ಆ ತಂಡವನ್ನು ಇವತ್ತು ನೆನೆಯುವವರು ಕಡಿಮೆ. ಅದರ ಹೊದಿಕೆಯ ಹಂದಿ ಮಾತ್ರ ಸಾವಿರಾರು ಮೈಲಿ ದೂರದ ಒಂದು ನಗರದಲ್ಲಿ ಕಾರಿನ ಹಿಂಬದಿಯ ಸ್ಟಿಕ್ಕರಿನಲ್ಲಿ, ಟೀ ಶರ್ಟಿನಲ್ಲಿ ಬದುಕಿದೆ. ಪಠ್ಯ ಮರೆತು ಮುಖಪುಟ ಉಳಿದ ಪುಸ್ತಕದಂತೆ. ಪ್ರಾದೇಶಿಕ ಸ್ಮೃತಿ ಎಷ್ಟು ಹಟಮಾರಿ, ಎಷ್ಟು ಆಕಸ್ಮಿಕ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಆ ಕುರ್ಚಿ ಖಾಲಿಯಾದ ಬಗೆಗೆ ಬರೋಣ. ಎಪ್ಪತ್ತರ ದಶಕದಲ್ಲೇ ಲೀ ಏಬ್ರಮ್ಸ್ ಎಂಬ ಸಲಹೆಗಾರ ಆಲ್ಬಂ ರಾಕ್ ಕೇಂದ್ರಗಳಿಗೆ ಒಂದು ಸಿದ್ಧ ಮಾದರಿ ರೂಪಿಸಿದ್ದ: ಡಿಜೆಯ ರುಚಿಗೆ ಬಿಡಬೇಡಿ, ಕೇಳುಗರಲ್ಲಿ ವಿಚಾರಿಸಿ, ಗೆದ್ದ ತಂಡಗಳ ಗೆದ್ದ ಹಾಡುಗಳನ್ನೇ ಹಾಕಿ. ಹಲವಾರು ನಗರಗಳ ಕೇಂದ್ರಗಳು ಅದನ್ನು ಕೊಂಡವು. ಎಂಬತ್ತರ ದಶಕದಲ್ಲಿ ಮಿಷಿಗನ್ನಿನ ಫ್ರೆಡ್ ಜೇಕಬ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೊಸ ಹಾಡನ್ನೇ ಕೈಬಿಟ್ಟ. ಅರವತ್ತು, ಎಪ್ಪತ್ತರ ದಶಕದ ಹಾಡುಗಳಷ್ಟೇ. 1985ರಲ್ಲಿ ಲ್ಯಾನ್ಸಿಂಗ್ ನಗರದ ಕೇಂದ್ರವೊಂದರಲ್ಲಿ ಅವನು ಇದನ್ನು ಜಾರಿಗೆ ತಂದ. ‘ಕ್ಲಾಸಿಕ್ ರಾಕ್’ ಎಂಬ ಹಣೆಪಟ್ಟಿ ದೇಶದ ಉದ್ದಗಲಕ್ಕೂ ಹಬ್ಬಿತು.

ಕನ್ನಡಿಗರಾದ ನಮಗೆ ‘ಕ್ಲಾಸಿಕ್’ ಎಂದರೆ ಎಷ್ಟು ಹಳತಾಗಿರಬೇಕು ಎಂಬ ಲೆಕ್ಕ ಚೆನ್ನಾಗಿ ಗೊತ್ತು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಾಗ 1,500ರಿಂದ 2,000 ವರ್ಷದ ಪ್ರಾಚೀನತೆಯನ್ನು ತೋರಿಸಬೇಕಿತ್ತು. ರಾಕ್ ಸಂಗೀತಕ್ಕೆ ಹದಿನೈದು ವರ್ಷ ಸಾಕಾಯಿತು. ನಗುವ ವಿಷಯವೇ, ಆದರೆ ಪೂರ್ತಿ ನಗುವುದು ಬೇಡ. ಎರಡೂ ಕಡೆ ‘ಕ್ಲಾಸಿಕ್’ ಎಂಬುದು ವಯಸ್ಸಿನ ಪ್ರಮಾಣಪತ್ರವಾಗಿದೆ. ಕೃತಿಯೊಳಗೆ ಏನಿದೆ ಎಂಬುದರ ಬಗ್ಗೆ ಆ ಪತ್ರ ಹೆಚ್ಚೇನೂ ಹೇಳುವುದಿಲ್ಲ.

ರೇಡಿಯೊದವರು ಕೃತಿಯನ್ನು ಪರೀಕ್ಷಿಸುತ್ತಿದ್ದ ವಿಧಾನವನ್ನಂತೂ ಸಾಹಿತ್ಯದ ಓದುಗರು ತಿಳಿದುಕೊಳ್ಳಲೇಬೇಕು. ನೂರರಷ್ಟು ಜನರನ್ನು ದುಡ್ಡು ಕೊಟ್ಟು ಒಂದು ಸಭಾಂಗಣಕ್ಕೆ ಕರೆಸುತ್ತಾರೆ. ನೂರಾರು ಹಾಡುಗಳ ಅತಿ ಪರಿಚಿತ ತುಣುಕನ್ನು, ಒಂದೊಂದಕ್ಕೆ ಏಳೋ ಹತ್ತೋ ಸೆಕೆಂಡು ಕೇಳಿಸುತ್ತಾರೆ. ಕೇಳಿದವರು ಅಂಕ ಹಾಕುತ್ತಾರೆ. ಅಂಕ ಬಂದ ಹಾಡು ಪಟ್ಟಿಯಲ್ಲಿ ಉಳಿಯುತ್ತದೆ, ಬಾರದ್ದು ಹೋಗುತ್ತದೆ. ಈ ಪರೀಕ್ಷೆಯಲ್ಲಿ ಪರಿಚಿತವಲ್ಲದ ಹಾಡಿಗೆ ಪಾಸಾಗುವ ದಾರಿಯೇ ಇಲ್ಲ. ನಿಧಾನವಾಗಿ ತೆರೆದುಕೊಳ್ಳುವ ಹಾಡಿಗೂ ಇಲ್ಲ. ಪಂಪನ ಕಾವ್ಯವನ್ನು ಎರಡೆರಡು ಪದ ಓದಿಸಿ ‘ಗೊತ್ತೇ? ಇಷ್ಟವೇ?’ ಎಂದು ಕೇಳಿ ಪಠ್ಯಪುಸ್ತಕ ಮಾಡಿದರೆ ಹೇಗೋ ಹಾಗೆ. ಎಫ್‌ಎಂ ಗೆದ್ದದ್ದು ಉದ್ದದ ಹಾಡಿನಿಂದ. ಅದನ್ನು ಅಳೆಯಲು ಕೊನೆಗೆ ಬಳಸಿದ್ದು ಹತ್ತು ಸೆಕೆಂಡಿನ ಕೋಲು.

1996ರ ದೂರಸಂಪರ್ಕ ಕಾಯ್ದೆ ಉಳಿದದ್ದನ್ನು ಮುಗಿಸಿತು. ಅದಕ್ಕೆ ಮುಂಚೆ ಒಂದು ಕಂಪನಿ ದೇಶದಲ್ಲಿ 20 ಎಎಂ, 20 ಎಫ್‌ಎಂ ಕೇಂದ್ರಗಳನ್ನಷ್ಟೇ ಹೊಂದಬಹುದಿತ್ತು. ಆ ಮಿತಿ ಹೋಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಬಳಿ 1,200ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಎಲ್ಲ ಊರಲ್ಲೂ ಅದೇ ಕೆಲವು ನೂರು ಹಾಡು, ಅದೇ ಸರದಿ. ಕೆ-ಶೀ ಆ ಬಾಯಿಗೆ ಬೀಳಲಿಲ್ಲ. 1984ರಲ್ಲಿ ಎಮ್ಮಿಸ್ ಎಂಬ ಇಂಡಿಯಾನಾ ಕಂಪನಿಗೆ, 2018ರಲ್ಲಿ ಹಬ್ಬರ್ಡ್ ಎಂಬ ಮಿನ್ನೆಸೋಟಾದ ಕೌಟುಂಬಿಕ ಕಂಪನಿಗೆ ಕೈ ಬದಲಾಯಿಸಿತು. ಸಂಶೋಧನೆ, ಸಲಹೆಗಾರರ ಯುಗದಲ್ಲಿ ಅದೂ ಬದುಕಬೇಕಿತ್ತು. ಆದರೆ ತನ್ನ ಊರಿನ ಹಾಡುಗಳಿಗೆ ಒಂದು ಕೋಣೆಯನ್ನು ಕಾಯ್ದಿಟ್ಟಿತು. ಆ ಕಾರ್ಯಕ್ರಮದ ಹೆಸರು ‘ಕೆ-ಶೀ ಕ್ಲಾಸಿಕ್ಸ್’. ಬರೆಯುವಾಗ ‘ಸಿ’ ಬದಲು ತಮ್ಮ ಹೆಸರಿನ ‘ಕೆ’ ಅಕ್ಷರವನ್ನೇ ಇಟ್ಟುಕೊಂಡಿದ್ದಾರೆ. ದೇಶದ ಕ್ಲಾಸಿಕ್ ಬೇರೆ, ನಮ್ಮದು ಬೇರೆ ಎಂದು ಕಾಗುಣಿತದಲ್ಲೇ ಹೇಳಿದಂತೆ.

ನನ್ನ ತಮ್ಮ ಕೆಲವು ವರ್ಷ ಸೇಂಟ್ ಲೂಯಿಯಲ್ಲಿ ಕೆಲಸದಲ್ಲಿದ್ದ. ಅವನಲ್ಲಿಗೆ ಹೋದಾಗ ಅವನ ಕಾರಿನಲ್ಲಿ ನಾನು ಈ ಹಾಡುಗಳನ್ನು ಕೇಳಿದೆ, ಆಮೇಲೆ ಹುಡುಕಿ ಆಲ್ಬಂಗಳನ್ನೂ ಪೂರ್ತಿ ಕೇಳಿದೆ. ವಿಮರ್ಶಕನಾಗಿ ನನ್ನ ಅಭಿಪ್ರಾಯ ಹೇಳಬೇಕು. ಹೆಡ್ ಈಸ್ಟ್‌ನ ಆ ಒಂದು ಹಾಡು ನಿಜಕ್ಕೂ ಗಟ್ಟಿ. ಸಿಂಥಸೈಜರಿನ ಸ್ವರ ಗಿಟಾರಿನ ಮೇಲೆ ಹತ್ತಿ ಕೂರುವ ರೀತಿಯಲ್ಲಿ ಹಳ್ಳಿಯ ಹುಡುಗರ ಹುಮ್ಮಸ್ಸಿದೆ, ನಗರದವರನ್ನು ಅನುಕರಿಸುವ ಸಂಕೋಚವಿಲ್ಲ. ಆಲ್ಬಂನ ಉಳಿದ ಹಾಡುಗಳು ಆ ಮಟ್ಟಕ್ಕೆ ಬರುವುದಿಲ್ಲ. ಸ್ಟಾರ್‌ಕ್ಯಾಸಲ್ ಇಂಗ್ಲೆಂಡಿನ ‘ಯೆಸ್’ ತಂಡದ ನೆರಳಿನಿಂದ ಹೊರಬರಲೇ ಇಲ್ಲ. ಮಾಮಾಸ್ ಪ್ರೈಡ್ ಹಿತವಾಗಿದೆ, ಅಷ್ಟೇ. ಅಂದರೆ ಪ್ರಾದೇಶಿಕ ಕ್ಲಾಸಿಕ್ ಎನ್ನುವುದೆಲ್ಲ ಊರಿನ ಅಭಿಮಾನದ ಗುಳ್ಳೆಯೇ? ‘ನಮ್ಮೋರು’ ಎಂಬ ಕಾರಣಕ್ಕೆ ಚಪ್ಪಾಳೆಯೇ?

ನನಗೆ ಹಾಗೆ ಅನ್ನಿಸುವುದಿಲ್ಲ. 1974ರಲ್ಲಿ ಆ ಕುರ್ಚಿಯಲ್ಲಿದ್ದವರ ಮುಂದೆ ಯಾವ ಅಂಕಪಟ್ಟಿಯೂ ಇರಲಿಲ್ಲ. ನ್ಯೂಯಾರ್ಕ್, ಲಾಸ್ ಏಂಜಲೀಸ್ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಹೆಸರಿಲ್ಲದ ತಂಡದ ತಟ್ಟೆಯ ಮೇಲೆ ಅವರು ಮುಳ್ಳು ಇಟ್ಟರು, ತಾವೇ ಕೇಳಿದರು, ತಾವೇ ತೀರ್ಮಾನಿಸಿದರು. ಹತ್ತು ತೀರ್ಮಾನಗಳಲ್ಲಿ ಆರು ತಪ್ಪಾಗಿರಬಹುದು. ಆದರೆ ಕೇಂದ್ರ ಸ್ಥಳದ ಒಪ್ಪಿಗೆ ಬರಲಿ ಎಂದು ಕಾಯದೆ ಕೊಟ್ಟ ತೀರ್ಪು ಅದು. ಪ್ರದೇಶಕ್ಕೆ ಒಂದು ರುಚಿ ಇರುವುದೆಂದರೆ ಇದೇ.

ತೊಂದರೆ ಶುರುವಾಗುವುದು ಆಮೇಲೆ. ಅಂದು ಧೈರ್ಯದಿಂದ ಆರಿಸಿದ ಹಾಡನ್ನು ಇಂದು ಹಾಕಲು ಧೈರ್ಯ ಬೇಕಿಲ್ಲ. ‘ಕೆ-ಶೀ ಕ್ಲಾಸಿಕ್ಸ್’ ನನಗೆ ಇಷ್ಟವಾದರೂ ಅದು ಮ್ಯೂಸಿಯಂ. ಅಲ್ಲಿ ಹೊಸ ವಸ್ತು ಸೇರುವುದು ಕಷ್ಟ. ರಾಷ್ಟ್ರೀಯ ಪಟ್ಟಿಯ ಜಾಗದಲ್ಲಿ ಸ್ಥಳೀಯ ಪಟ್ಟಿಯನ್ನು ಇಟ್ಟರೆ ಬಣ್ಣ ಬದಲಾಗುತ್ತದೆ, ಪಟ್ಟಿಯ ಗುಣ ಬದಲಾಗುವುದಿಲ್ಲ.

ಇನ್ನೂ ಒಂದು ಪ್ರಶ್ನೆ ಕೇಳದೆ ಈ ಕತೆ ಮುಗಿಯದು: ಯಾರ ಪ್ರದೇಶ? ಸೇಂಟ್ ಲೂಯಿ ಚಕ್ ಬೆರಿಯ ಊರು. 1926ರಲ್ಲಿ ಅಲ್ಲೇ ಹುಟ್ಟಿದ ಈ ಕಪ್ಪು ಗಿಟಾರಿಗನಿಲ್ಲದೆ ರಾಕ್ ಸಂಗೀತದ ವ್ಯಾಕರಣವೇ ಇಲ್ಲ. ಆದರೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಆಲ್ಬಂ ರಾಕ್ ಮಾದರಿ ಬಹುಮಟ್ಟಿಗೆ ಬಿಳಿಯರ ಸಂಗೀತದ ಮಾದರಿಯಾಗಿತ್ತು. ಜಿಮಿ ಹೆಂಡ್ರಿಕ್ಸ್‌ನಂಥ ಒಬ್ಬಿಬ್ಬರನ್ನು ಬಿಟ್ಟರೆ ಕಪ್ಪು ಕಲಾವಿದರಿಗೆ ಅಲ್ಲಿ ಜಾಗವಿರಲಿಲ್ಲ. 1979ರ ಜುಲೈನಲ್ಲಿ ಷಿಕಾಗೊದ ರಾಕ್ ಡಿಜೆಯೊಬ್ಬ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ತಟ್ಟೆಗಳನ್ನು ಸ್ಫೋಟಿಸಿದ ಘಟನೆ ಈ ಮನಸ್ಥಿತಿಯ ಬಯಲಾಟ. ಸೇಂಟ್ ಲೂಯಿ ನಗರವೂ ಒಡೆಯುತ್ತಿತ್ತು. 1950ರಲ್ಲಿ 8.5 ಲಕ್ಷ ದಾಟಿದ್ದ ಅದರ ಜನಸಂಖ್ಯೆ 1980ಕ್ಕೆ 4.5 ಲಕ್ಷದ ಆಸುಪಾಸಿಗೆ ಇಳಿಯಿತು. ಬಿಳಿಯ ಕುಟುಂಬಗಳು ಕ್ರೆಸ್ಟ್‌ವುಡ್‌ನಂಥ ಉಪನಗರಗಳಿಗೆ ಹೋದವು. ನಗರದೊಳಗೆ ಡೆಲ್ಮಾರ್ ಎಂಬ ಬೀದಿ ಕಪ್ಪು ಉತ್ತರಕ್ಕೂ ಬಿಳಿ ದಕ್ಷಿಣಕ್ಕೂ ಗಡಿಯಾಯಿತು. ಉಪನಗರದ ನೆಲಮಾಳಿಗೆಯಲ್ಲಿ ಹುಟ್ಟಿದ ಕೇಂದ್ರವೊಂದು ‘ನಮ್ಮ ಊರಿನ ಸಂಗೀತ’ ಎಂದಾಗ ಆ ‘ನಮ್ಮ’ ಎಷ್ಟು ಅಗಲ ಎಂದು ಕೇಳಲೇಬೇಕು. ಗೋಪುರದ ಅಲೆ ಡೆಲ್ಮಾರ್ ಬೀದಿಯನ್ನು ಸಲೀಸಾಗಿ ದಾಟುತ್ತದೆ, ಕಾರ್ಯಕ್ರಮದ ಮಾದರಿ ಅಷ್ಟು ಸಲೀಸಾಗಿ ದಾಟುವುದಿಲ್ಲ. ಚಕ್ ಬೆರಿ 1996ರಿಂದ 2014ರವರೆಗೆ ಅದೇ ಡೆಲ್ಮಾರ್ ಬೀದಿಯ ‘ಬ್ಲೂಬೆರಿ ಹಿಲ್’ ಎಂಬ ಹೋಟೆಲಿನ ಕೆಳಕೋಣೆಯಲ್ಲಿ ತಿಂಗಳಿಗೊಮ್ಮೆಯಂತೆ 200ಕ್ಕೂ ಹೆಚ್ಚು ಸಲ ಹಾಡಿದ. ಊರಿನ ನಿಜವಾದ ಕ್ಲಾಸಿಕ್ ರಾಕ್ ಅಲ್ಲಿ, ಯಾವ ಪಟ್ಟಿಯ ಹಂಗೂ ಇಲ್ಲದೆ ನಡೆಯುತ್ತಿತ್ತು.

ಇದನ್ನೆಲ್ಲ ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳ ಕನ್ನಡ ಓದುಗರ ಮುಂದೆ ಇಡಲು ನನಗೆ ಕಾರಣವಿದೆ. ನಮ್ಮದೂ ಬೆಂಗಳೂರಿನ ಗೋಪುರದಿಂದ ದೂರವಿರುವ ಓದುಗ ಬಳಗ. ಮುಂಬಯಿ ಕನ್ನಡ ಎಂದರೆ ಚಿತ್ತಾಲ, ಬಲ್ಲಾಳ, ಕಾಯ್ಕಿಣಿ ಎನ್ನುತ್ತೇವೆ. ಮೂವರೂ ಹಾಗೆ ಎನ್ನಿಸಿಕೊಳ್ಳಲು ಅರ್ಹರು. ಆದರೆ ವಿಚಾರ ಸಂಕಿರಣಗಳಲ್ಲಿ, ವಿಶೇಷ ಸಂಚಿಕೆಗಳಲ್ಲಿ ಆ ಹೆಸರುಗಳು ಬರುವ ರೀತಿ ನನಗೆ ಸಭಾಂಗಣದ ಪರೀಕ್ಷೆಯನ್ನು ನೆನಪಿಸುತ್ತದೆ. ‘ಶಿಕಾರಿ’ಯ ಹೆಸರು ಕೇಳಿದೊಡನೆ ಎಲ್ಲರೂ ತಲೆದೂಗುತ್ತೇವೆ, ಅದನ್ನು ಮತ್ತೆ ಓದಿ ಜಗಳವಾಡುವುದು ಕಡಿಮೆ. ಅದೇ ಹೊತ್ತಿಗೆ ಡೊಂಬಿವಲಿಯಲ್ಲೋ ಪಿಂಪ್ರಿಯಲ್ಲೋ ಕೂತು ಯಾರೋ ಸ್ವಂತ ಹಣದಿಂದ 300 ಪ್ರತಿ ಅಚ್ಚು ಹಾಕಿಸಿದ ಕಥಾಸಂಕಲನ ನಮ್ಮ ಮೇಜಿಗೆ ಬರುತ್ತದೆ. ಅದರ ಬಗ್ಗೆ ಬೆಂಗಳೂರಿನಲ್ಲಿ ಯಾರಾದರೂ ಬರೆದಿದ್ದಾರೆಯೇ ಎಂದು ಮೊದಲು ನೋಡುತ್ತೇವೆ. ಬರೆದಿಲ್ಲವಾದರೆ ಕಾಯುತ್ತೇವೆ.

ನಮ್ಮ ವೃತ್ತದೊಳಗೂ ಒಂದು ಡೆಲ್ಮಾರ್ ಬೀದಿ ಇದೆ. ಕನ್ನಡ ಸಂಘದ ಸಭೆಗೆ ಬರುವವರ ಕನ್ನಡ ಒಂದು. ಕಟ್ಟಡ ಕಟ್ಟಲು ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಶೆಡ್ಡುಗಳಲ್ಲಿ ಇರುವವರ ಕನ್ನಡ ಇನ್ನೊಂದು. ಎರಡನೆಯದರಲ್ಲೂ ಹಾಡಿದೆ, ಕತೆಯಿದೆ. ಅದನ್ನು ನಮ್ಮ ‘ಪ್ರವಾಸಿ ಕನ್ನಡ ಸಾಹಿತ್ಯ’ದ ಪಟ್ಟಿಯಲ್ಲಿ ನಾನು ಎಲ್ಲೂ ನೋಡಿಲ್ಲ.

ಕೆ-ಶೀಯಿಂದ ನಾವು ಕಲಿಯಬೇಕಾದದ್ದು ಅದರ ಮ್ಯೂಸಿಯಂ ಅಲ್ಲ, ಅದರ 1974. ಹೆಸರಿಲ್ಲದ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುವುದು, ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ ಎಂದು ನಮ್ಮದೇ ಹೊಣೆಯಲ್ಲಿ ಹೇಳುವುದು. ಈ ಪತ್ರಿಕೆಯ ಸಂಪಾದಕರಿಗೆ ನನ್ನ ಸಲಹೆ ಇಷ್ಟೇ: ವರ್ಷಕ್ಕೊಂದು ಸ್ಮರಣ ಸಂಚಿಕೆ ಬಿಟ್ಟು, ಆ ಪುಟಗಳನ್ನು ಇನ್ನೂ ಯಾರೂ ವಿಮರ್ಶಿಸದ ನಾಲ್ಕು ಪುಸ್ತಕಗಳಿಗೆ ಕೊಡಿ. ಬರೆಯಲು ಜನ ಸಿಗದಿದ್ದರೆ ಮೊದಲ ಪುಸ್ತಕ ನನಗೆ ಕಳಿಸಿ.